ಪಟದ ಕೆಳಗಿನ ತಾರೀಖು

ನಮ್ಮ ಮನೆಯ ಟೀವಿ ಚೆನ್ನಾಗಿ ಕಾಣುವುದು ಅದನ್ನು ಯಾರೂ ನೋಡದೆ ಇರುವಾಗ. ಹಾಲ್‌ನಲ್ಲಿರುವ ಈ ಟೀವಿಗೆ ನನ್ನ ಕಂಪ್ಯೂಟರಿನ ವೈರು ಸಿಕ್ಕಿಸಿದ್ದೇನೆ. ಸುದ್ದಿಯವರ ಕೂಗಾಟ, ನನ್ನ ಹೆಂಡತಿ ಭಾಗ್ಯಳ ಧಾರಾವಾಹಿ, ಎಲ್ಲವೂ ಅದರ ಮೂಲಕವೇ. ಧಾರಾವಾಹಿಯ ಅತ್ತೆ ಸೊಸೆಯರು ಅವತ್ತಿನ ಮಟ್ಟಿಗೆ ರಾಜಿಯಾಗಿ, ಹತ್ತು ನಿಮಿಷ ಯಾರೂ ಮೌಸು ಮುಟ್ಟದಿದ್ದರೆ ಪರದೆ ಒಮ್ಮೆ ಕಪ್ಪಾಗುತ್ತದೆ. ಆಮೇಲೆ ನಮ್ಮ ಮನೆಯ ಹಳೆಯ ಫೋಟೋಗಳು ಒಂದೊಂದಾಗಿ ಬರತೊಡಗುತ್ತವೆ. ಇದಕ್ಕೆ ಸ್ಕ್ರೀನ್ ಸೇವರ್ ಅಂತ ಹೆಸರು. ಪರದೆಯನ್ನು ಉಳಿಸುವುದು ಅದರ ಕೆಲಸವಂತೆ. ನಮ್ಮ ಪರದೆ ಉಳಿಯಿತು, ನಿಜ. ಮಾನ ಉಳಿಯಲಿಲ್ಲ. ಅದನ್ನೇ ಹೇಳೋಣ ಅಂತ ಕೂತಿದ್ದೇನೆ, ಆದರೆ ನಾನು ನೇರವಾಗಿ ವಿಷಯಕ್ಕೆ ಬರುವವನಲ್ಲ ಅನ್ನುವುದು ನಿಮಗೆ ಆಗಲೇ ಗೊತ್ತಾಗಿರಬೇಕು.

ಮೊದಮೊದಲು ಫೋಟೋದ ಕೆಳಗೆ ಒಂದು ಸಾಲು ತಾನಾಗಿಯೇ ಬರುತ್ತಿತ್ತು. ಕಡತದ ಹೆಸರು, ಕ್ಯಾಮೆರಾ ಯಾವ ಕಂಪನಿಯದು, ಲೆನ್ಸು ಎಷ್ಟು ತೆರೆದಿತ್ತು, ಸೆಕೆಂಡಿನ ಎಷ್ಟನೇ ಒಂದು ಭಾಗ ತೆರೆದಿತ್ತು, ಹೀಗೆ. ಫೋಟೋ ತೆಗೆದ ಕ್ಯಾಮೆರಾ ಇವನ್ನೆಲ್ಲ ಗುಟ್ಟಾಗಿ ಫೋಟೋದ ಹೊಟ್ಟೆಯೊಳಗೇ ಬರೆದಿಟ್ಟಿರುತ್ತದೆ. ಭಾಗ್ಯ ಒಂದು ದಿನ ಬೆಳ್ಳುಳ್ಳಿ ಬಿಡಿಸುತ್ತಾ ನೋಡಿ, "ಅಲ್ಲಾರೀ, ನಮ್ ಸೊಸೆ ಸೀಮಂತದ ಫೋಟೋಕ್ಕೆ ಇದೇನು ಲಾರಿ ನಂಬರ್ ಹಾಕಿದೆ?" ಅಂದಳು. ನನಗೂ ಅದು ಸರಿಕಾಣಲಿಲ್ಲ. ಮನುಷ್ಯರ ಕೆಳಗೆ ಮನುಷ್ಯರ ವಿವರ ಇರಬೇಕು, ಯಂತ್ರದ್ದಲ್ಲ.

ಈ ಚಾಳಿ ನನಗೆ ಕೆಲಸದಿಂದ ಬಂದದ್ದು. ಮದ್ದೂರಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದು ಎರಡು ವರ್ಷದ ಹಿಂದೆ ನಿವೃತ್ತನಾದೆ. ಮೂವತ್ತು ವರ್ಷಕ್ಕೂ ಮೇಲೆ ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸಿದ ಕೈ ಸುಮ್ಮನಿರುವುದಿಲ್ಲ. ಹೆಸರಿಲ್ಲದ, ನಂಬರಿಲ್ಲದ ವಸ್ತುವನ್ನು ಕಂಡರೆ ನನಗೆ ಅಯ್ಯೋ ಪಾಪ ಅನ್ನಿಸುತ್ತದೆ. ಮದುವೆಯಾದ ಹೊಸತರಲ್ಲಿ ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದ್ದೆ. ಭಾಗ್ಯ ಆಗ ಏನೂ ಅನ್ನಲಿಲ್ಲ. ಹೊಸ ಹೆಂಡತಿ, ಸಂಕೋಚ. ಆದರೆ ವಾರದೊಳಗೆ 'ಕಡಲೆಬೇಳೆ' ಎಂಬ ಡಬ್ಬದಲ್ಲಿ ಹುರುಳಿಕಾಳೂ 'ಸಕ್ಕರೆ'ಯಲ್ಲಿ ರವೆಯೂ ಬಂದು ಕೂತವು. ಅವಳಿಗೆ ಡಬ್ಬ ಎತ್ತಿದರೆ ಸಾಕು, ಒಳಗೆ ಏನಿದೆ ಅಂತ ಗೊತ್ತು. ಚೀಟಿ ನಂಬಿ ಕಾಫಿಗೆ ರವೆ ಹಾಕಿಕೊಂಡವನು ನಾನೊಬ್ಬನೇ.

ಹೀಗಿರುವಾಗ ಆ ಸ್ಕ್ರೀನ್ ಸೇವರಿನ ಸೆಟ್ಟಿಂಗ್ಸ್ ಒಳಗೆ ಒಂದು ದಿನ ಕಾಲಿಟ್ಟೆ. ಕೆಳಗಿನ ಸಾಲಿನಲ್ಲಿ ಏನೇನು ಬರಬೇಕು, ಯಾವುದು ಮೊದಲು ಯಾವುದು ಆಮೇಲೆ, ಅಕ್ಷರ ಎಷ್ಟು ದಪ್ಪ, ಯಾವ ಬಣ್ಣ, ಮೂಲೆಯಲ್ಲೋ ನಡುವೆಯೋ, ಎಲ್ಲವನ್ನೂ ನಾವೇ ಹೇಳಬಹುದು. ನನಗೆ ಜಾತ್ರೆಗೆ ಹೋದ ಮಗುವಿನಷ್ಟು ಖುಷಿ. ಬೇಡದ್ದಕ್ಕೆಲ್ಲ ಟಿಕ್ ತೆಗೆದೆ. ಒಂದೊಂದು ಫೋಟೋಕ್ಕೂ ಅದರಲ್ಲಿರುವವರ ಹೆಸರನ್ನು ಕನ್ನಡದಲ್ಲಿ ಟೈಪು ಮಾಡಿದೆ. ಮೊದಲ ದಿನ ಅಕ್ಷರಗಳ ಬದಲು ಬರೀ ಚೌಕಗಳು ಬಂದವು. ನಮ್ಮ ತಾತನ ಹೆಸರು ಐದು ಖಾಲಿ ಡಬ್ಬಗಳಾಗಿ ನಿಂತಿತ್ತು. ಕನ್ನಡದ ಫಾಂಟು ಹುಡುಕಿ ಹಾಕಿ ಅದನ್ನೂ ಸರಿಮಾಡಿದೆ. ಕೊನೆಗೆ ಗೆದ್ದ ರೂಪ ಇದು: ಫೋಟೋದ ಕೆಳಗೆ ಕಪ್ಪು ಪಟ್ಟಿ, ಅದರ ಮೇಲೆ ಬಿಳಿ ಅಕ್ಷರದಲ್ಲಿ ನಟ್ಟನಡುವೆ ಹೆಸರು, ಹೆಸರಿನ ಕೆಳಗೆ ತಾರೀಖು. ದೂರ ನಿಂತು ನೋಡಿದೆ. ಬಹಳ ಗಂಭೀರವಾಗಿತ್ತು.

"ಎಲ್ಲೋ ನೋಡಿದಂಗದೆ" ಅಂದಳು ಭಾಗ್ಯ. ಎಲ್ಲಿ ಅಂತ ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ತಾರೀಖಿನ ವಿಷಯದಲ್ಲಿ ಮಾತ್ರ ಒಂದು ಸಣ್ಣ ತೊಡಕಿತ್ತು. ನನ್ನ ಮೊದಲ ಡಿಜಿಟಲ್ ಕ್ಯಾಮೆರಾ ಸೆಲ್ಲು ತೆಗೆದಾಗಲೆಲ್ಲ ಇಸವಿ ಮರೆತು ಜನವರಿ ಒಂದಕ್ಕೆ ಹಿಂತಿರುಗುತ್ತಿತ್ತು. ಹಾಗಾಗಿ ನಮ್ಮ ಮನೆಯ ಗೃಹಪ್ರವೇಶ, ಮಗನ ಹುಟ್ಟುಹಬ್ಬ, ಭಾಗ್ಯಳ ತಮ್ಮನ ಮದುವೆ, ಮೂರೂ ಒಂದೇ ಜನವರಿ ಒಂದರ ಮಧ್ಯಾಹ್ನ ಹನ್ನೆರಡಕ್ಕೆ ನಡೆದಿವೆ. ಇದರಲ್ಲಿ ಕ್ಯಾಮೆರಾವನ್ನು ಬೈದು ಫಲವಿಲ್ಲ. ನನ್ನನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಟ್ಟಿದ ದಿನ ಕೇಳಿದರು. ಕೈ ಹಿಡಿದು ಕರೆದುಕೊಂಡು ಹೋಗಿದ್ದ ಚಿಕ್ಕವ್ವ, "ಅವರೆಕಾಯಿ ಕಾಲ್ದಲ್ಲಿ ಉಟ್ದ ಬುದ್ಧಿ, ಕಬ್ಬು ಇನ್ನೂ ಕಡ್ದಿರ್ನಿಲ್ಲ" ಅಂದಳು. ಮೇಷ್ಟ್ರು ತಲೆಯಾಡಿಸಿ ಜೂನ್ ಒಂದು ಅಂತ ಬರೆದುಕೊಂಡರು. ನಮ್ಮ ತರಗತಿಯಲ್ಲಿ ಮುಕ್ಕಾಲು ಪಾಲು ಹುಡುಗರು ಜೂನ್ ಒಂದರಂದೇ ಹುಟ್ಟಿದವರು. ಆ ದಿನ ಮಳವಳ್ಳಿ ಸೀಮೆಯ ಸೂಲಗಿತ್ತಿಯರಿಗೆ ಎಷ್ಟು ಕೆಲಸವಿದ್ದಿರಬೇಕು ಅಂತ ಈಗಲೂ ಯೋಚಿಸುತ್ತೇನೆ.

ಚಿಕ್ಕವ್ವ ಅಂದೆನಲ್ಲ, ನನ್ನ ಅವ್ವನ ತಂಗಿ. ಹೆಸರು ಪುಟ್ಟಮಾದಮ್ಮ. ಅವ್ವ ಸಿದ್ದಮ್ಮ ತೀರಿಕೊಂಡಾಗ ನನಗೆ ಮೂರು ವರ್ಷ. ಅಪ್ಪ ಬಸರಾಳಿನ ಕಡೆ ನೀರುಗಂಟಿಯಾಗಿದ್ದರು. ನಾಲೆಯ ತೂಬು ಎತ್ತುವುದು, ಇಳಿಸುವುದು, ನೀರಿಗಾಗಿ ಜಗಳಾಡುವವರನ್ನು ಬಿಡಿಸುವುದು, ಇಷ್ಟರಲ್ಲಿ ಮಗುವನ್ನು ನೋಡಿಕೊಳ್ಳಲು ಆಗುತ್ತಿರಲಿಲ್ಲ. ಚಿಕ್ಕವ್ವನಿಗೆ ಆಗತಾನೆ ಮದುವೆಯಾಗಿತ್ತು. ಮುತ್ತತ್ತಿಗೆ ಹೋಗುವ ದಾರಿಯ ಮಗ್ಗುಲಿನ ಆ ಹಳ್ಳಿಗೆ ಅವಳು ಗಂಡನ ಮನೆಗೆ ಹೋಗುವಾಗ ಕಂಕುಳಲ್ಲಿ ನಾನೂ ಹೋದೆ. ಅವಳ ಸ್ವಂತ ಮಗ ಮಾದೇಶ ಹುಟ್ಟಿದ್ದು ಆಮೇಲೆ. ಈಗ ಅವಳಿಗೆ ಎಂಬತ್ತರ ಹತ್ತಿರ. ಮಗ, ಸೊಸೆ, ಮೊಮ್ಮಕ್ಕಳ ನಡುವೆ ಗಟ್ಟಿಯಾಗಿ ಕೂತು ಮನೆ ನಡೆಸುತ್ತಾಳೆ.

ತೊಡಕಿನ ಮಾತಿಗೆ ಬರುತ್ತೇನೆ. ಕ್ಯಾಮೆರಾ ಬರುವುದಕ್ಕೆ ಮುಂಚಿನ ಫೋಟೋಗಳನ್ನು ನಾನು ಸ್ಕ್ಯಾನ್ ಮಾಡಿ ಸೇರಿಸಿದ್ದೆ. ಅವುಗಳ ಹೊಟ್ಟೆಯಲ್ಲಿ ತಾರೀಖು ಎಲ್ಲಿಂದ ಬರಬೇಕು? ಕಂಪ್ಯೂಟರು ತನಗೆ ತಿಳಿದ ಒಂದೇ ತಾರೀಖನ್ನು ಹಾಕಿತು: ಸ್ಕ್ಯಾನ್ ಮಾಡಿದ ದಿನದ್ದು. ಅರವತ್ತು ವರ್ಷದ ಹಿಂದಿನ ಕಪ್ಪು ಬಿಳುಪು ಫೋಟೋದ ಕೆಳಗೆ ಮೊನ್ನೆ ಶುಕ್ರವಾರದ ತಾರೀಖು. ಇದನ್ನು ನಾನು ನೋಡಿರಲಿಲ್ಲ ಅಂತಲ್ಲ. ಆಮೇಲೆ ಸರಿಮಾಡಿದರಾಯಿತು ಅಂತ ಬಿಟ್ಟಿದ್ದೆ.

ಆ ಭಾನುವಾರ ಬೆಳಿಗ್ಗೆ ಶಿವಪುರದ ಕೆಂಪಣ್ಣ ಮಾವ ಮೊಮ್ಮಗಳ ಲಗ್ನಪತ್ರಿಕೆ ಕೊಡಲು ಬಂದರು. ಅವ್ವನಿಗೂ ಚಿಕ್ಕವ್ವನಿಗೂ ದೊಡ್ಡಪ್ಪನ ಮಗ, ನನಗೆ ಮಾವ. ನಾನು ಸ್ನಾನಕ್ಕೆ ಹೋಗಿದ್ದೆ. ಭಾಗ್ಯ ಅವರನ್ನು ಕೂರಿಸಿ ಕಾಫಿ ಕೊಟ್ಟು, ಇಡ್ಲಿ ಬೇಯಿಸಲು ಒಳಗೆ ಹೋದಳು. ಟೀವಿ ತನ್ನ ಪಾಡಿಗೆ ಫೋಟೋ ತೋರಿಸುತ್ತಿತ್ತು. ನಾನು ತಲೆಗೆ ಟವೆಲು ಸುತ್ತಿಕೊಂಡು ಹೊರಗೆ ಬಂದಾಗ ಕೆಂಪಣ್ಣ ಮಾವ ಆಗಲೇ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದರು. ಕಾಫಿ ಮುಟ್ಟಿರಲಿಲ್ಲ. ಕಣ್ಣು ಕೆಂಪಾಗಿತ್ತು.

"ಬತ್ತೀನಿ ಕಣಪ್ಪ ಚಂದ್ರು. ನೀವು ಒಂದ್ ಮಾತು ತಿಳುಸ್ಬೌದಾಗಿತ್ತು."

ನಾವು ಹಿಂದಿನ ವಾರ ಮಹಡಿಯ ಮೇಲೊಂದು ಕೋಣೆ ಕಟ್ಟಿಸಿ ಹಾಲು ಉಕ್ಕಿಸಿದ್ದೆವು. ನಾನು ಅದನ್ನೇ ಅಂದುಕೊಂಡು, "ಯಾರ್ಗೂ ಹೇಳ್ಲಿಲ್ಲ ಮಾವ, ಮನೆಮಟ್ಟಿಗೆ ಮುಗಿಸ್ಬುಟ್ಟೋ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ಒದ್ದೆ ತಲೆಯನ್ನೂ ನೋಡಿದರು. "ಮನೆಮಟ್ಟಿಗಾ? ಆಯ್ತು ಬುಡು" ಅಂತ ಸರಸರ ನಡೆದೇಬಿಟ್ಟರು. ಮಹಡಿ ಕೋಣೆಗೆ ಇಷ್ಟೊಂದು ಬೇಜಾರು ಮಾಡಿಕೊಳ್ಳುವುದೇ ಅಂತ ನಾನು ಅವರಿಗೆ ಇಟ್ಟಿದ್ದ ಇಡ್ಲಿಯನ್ನೂ ಸೇರಿಸಿ ತಿಂದೆ.

ನೀವು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಓಡಾಡಿದ್ದರೆ ನಿಮಗೆ ಈಗಾಗಲೇ ಅರ್ಥವಾಗಿರುತ್ತದೆ. ನಮ್ಮಲ್ಲಿ ಊರಿನ ಸರ್ಕಲ್ಲಿಗೊಂದು, ಬಸ್ ಸ್ಟ್ಯಾಂಡಿಗೆರಡು ಶ್ರದ್ಧಾಂಜಲಿ ಫ್ಲೆಕ್ಸು ಇದ್ದೇ ಇರುತ್ತವೆ. ನಡುವೆ ಮುಖ, ಕೆಳಗೆ ಕಪ್ಪು ಪಟ್ಟಿ, ಬಿಳಿ ಅಕ್ಷರದಲ್ಲಿ ಹೆಸರು, ಹೆಸರಿನ ಕೆಳಗೆ ತಾರೀಖು. ಬದುಕಿರುವವರ ಮುಖದ ಕೆಳಗೆ ನಮ್ಮ ಸೀಮೆಯಲ್ಲಿ ಯಾರೂ ತಾರೀಖು ಹಾಕುವುದಿಲ್ಲ. ಹಾಕಿದರೆ ಅದಕ್ಕೆ ಅರ್ಥ ಒಂದೇ. ಭಾಗ್ಯ ಎಲ್ಲೋ ನೋಡಿದ ಹಾಗಿದೆ ಅಂದದ್ದು ಇದನ್ನೇ. ನಾನು ಒಂದು ವಾರ ಶ್ರಮಪಟ್ಟು ನನ್ನ ಇಡೀ ವಂಶಕ್ಕೆ ಶ್ರದ್ಧಾಂಜಲಿ ಸಲ್ಲಿಸಿದ್ದೆ.

ಕೆಂಪಣ್ಣ ಮಾವ ನೋಡಿದ್ದು ಅವ್ವ, ಚಿಕ್ಕವ್ವ ಇಬ್ಬರೂ ಇರುವ ಫೋಟೋ. ಕೆಳಗೆ 'ಸಿದ್ದಮ್ಮ – ಪುಟ್ಟಮಾದಮ್ಮ'. ಅದರ ಕೆಳಗೆ ಶುಕ್ರವಾರದ ತಾರೀಖು. ಸಿದ್ದಮ್ಮ ಹೋಗಿ ಎಷ್ಟೋ ಕಾಲವಾಯಿತು ಅಂತ ಅವರಿಗೆ ಗೊತ್ತು. ಅಂದಮೇಲೆ ತಾರೀಖು ಯಾರದ್ದು? ಬಾಯಿಬಿಟ್ಟು ಒಂದು ಮಾತು ಕೇಳಬಹುದಿತ್ತು. ಆದರೆ ಸಾವಿನ ಸುದ್ದಿ ತನಗೆ ಮುಟ್ಟಿಲ್ಲ ಅಂತ ತಾನೇ ಹೇಳಿಕೊಳ್ಳುವುದು ನಮ್ಮಲ್ಲಿ ಬಹಳ ಅವಮಾನದ ವಿಷಯ. ಸೂತಕದ ಮನೆಯ ಕಾಫಿ ಕುಡಿಯಲಿಲ್ಲ. ಬೆರಳು ಮಡಿಸಿ ಎಣಿಸಿದರು: ಶುಕ್ರವಾರ, ಶನಿವಾರ, ಭಾನುವಾರ. ಇವತ್ತೇ ಮೂರನೆಯ ದಿನ. ಸಮಾಧಿಯ ಮೇಲೆ ಹಾಲುತುಪ್ಪ ಬಿಡುವ ದಿನ. ಮಣ್ಣಿಗಂತೂ ಸಿಗಲಿಲ್ಲ, ಹಾಲುತುಪ್ಪಕ್ಕಾದರೂ ಸಿಗೋಣ ಅಂತ ಮದ್ದೂರು ಬಸ್ ಸ್ಟ್ಯಾಂಡಿನಲ್ಲೇ ಒಂದು ಸೇವಂತಿಗೆ ಹಾರ, ಅರ್ಧ ಲೀಟರು ಹಾಲು ತೆಗೆದುಕೊಂಡು, ದಾರಿಯುದ್ದಕ್ಕೂ ನೆಂಟರಿಗೆಲ್ಲ ಫೋನು ಮಾಡುತ್ತಾ ಹೊರಟರು.

ಮುಂದಿನದು ಮಾದೇಶ ಹೇಳಿದ್ದು. ಚಿಕ್ಕವ್ವ ಜಗಲಿಯ ಮೇಲೆ ಕೂತು ನೆನೆಹಾಕಿದ್ದ ಅವರೆಕಾಳು ಹಿತುಕುತ್ತಿದ್ದಳಂತೆ. ಬೀದಿ ತಿರುವಿನಲ್ಲಿ ಕೆಂಪಣ್ಣ ಮಾವ ಹಾರ ಹಿಡಿದು ಬಂದವರು ಅವಳನ್ನು ನೋಡಿ ಅಲ್ಲೇ ನಿಂತುಬಿಟ್ಟರಂತೆ.

"ಏನ್ಲಾ ಕೆಂಪ, ಆರ ಯಾರ್ಗ್ಲಾ?"

"ಮುತ್ತೆತ್ತರಾಯ್ನಿಗೆ ಕಣಕ್ಕ. ಮುತ್ತತ್ತಿಗೆ ಒಂಟಿದ್ದೆ, ಅಂಗೇ ನಿನ್ನೂ ಮಾತಾಡ್ಸ್‌ಕೊಂಡು..."

"ಆಲು?"

"ಅದೂವೆ ಅವ್ನಿಗೇ."

ಅಷ್ಟಕ್ಕೇ ಮುಗಿದಿದ್ದರೆ ಮುತ್ತೆತ್ತರಾಯನೆಂಬ ಆ ಆಂಜನೇಯ ಎಲ್ಲರನ್ನೂ ಕಾಪಾಡಿದ ಹಾಗಾಗುತ್ತಿತ್ತು. ಆದರೆ ಹಿಂದೆಯೇ ಒಂದು ಆಟೋ ಬಂತು. ಅದರಿಂದ ಐದು ಜನ ಹೆಂಗಸರು ಬಾಯಿಗೆ ಸೆರಗು ಹಿಡಿದು ಗೋಳೋ ಅಂತ ಇಳಿದರು. ಮುಂದೆ ಬಂದವಳು ಕಣ್ಣೀರಲ್ಲಿ ಏನೂ ಕಾಣದೆ ಜಗಲಿಯ ಮೇಲೆ ಯಾರು ಕೂತಿದ್ದಾರೆ ಅಂತಲೂ ನೋಡದೆ ಚಿಕ್ಕವ್ವನ ಮೊಣಕಾಲನ್ನೇ ತಬ್ಬಿಕೊಂಡು ಅತ್ತಳಂತೆ. ಚಿಕ್ಕವ್ವ ಅವಳ ಬೆನ್ನು ಸವರುತ್ತಾ, "ಯಾರಮ್ಮಿ ಓದೋರು?" ಅಂತ ಕೇಳಿದಳಂತೆ. ಅವಳು ತಲೆಯೆತ್ತಿ ನೋಡಿ, ಬಾಯಿ ಬಿಟ್ಟು, "ನೀನೇ ಕಣಕ್ಕ!" ಅಂದಳಂತೆ.

ಬಂದವರನ್ನು ಹಾಗೇ ಕಳಿಸುವವಳಲ್ಲ ಚಿಕ್ಕವ್ವ. ಹಿತುಕಿದ ಬೇಳೆ ಸಾರು ಮಾಡಿಸಿ, ಮುದ್ದೆ ಕಟ್ಟಿಸಿ, ತನ್ನ ಹಾಲುತುಪ್ಪಕ್ಕೆ ಬಂದವರಿಗೆಲ್ಲ ತಾನೇ ನಿಂತು ಬಡಿಸಿದಳು. ನಕ್ಕಳು ಕೂಡ. ಎಲ್ಲರೂ ಹೋದ ಮೇಲೆ ಆ ಹಾರ ಮಾತ್ರ ಜಗಲಿಯ ಮೇಲೆ ಉಳಿದಿತ್ತಂತೆ. ಅದನ್ನು ದೇವರಿಗೆ ಹಾಕುವಂತಿಲ್ಲ, ಬಾಗಿಲಿಗೆ ಕಟ್ಟುವಂತಿಲ್ಲ. ಅದನ್ನೇ ನೋಡುತ್ತಾ ಕೂತವಳು ಸಂಜೆಯ ಹೊತ್ತಿಗೆ ಎದ್ದು ಒಳಗೆ ಹೋದಳು. ಆಮೇಲೆ ಮಾದೇಶನಿಂದ ನನಗೆ ಫೋನು ಮಾಡಿಸಿದಳು.

"ನನ್ನ ಸತ್ತೋರ್ ಸಾಲಲ್ಲಿ ಕೂರ್ಸಿದ್ದೀಯಂತಲ್ಲೋ. ಇಳಿಸ್ಬುಡು."

"ಚಿಕ್ಕವ್ವ, ಅದು ಕಂಪ್ಯೂಟರ್ ತಪ್ಪು ಕಣವ್ವ. ತಾರೀಖು ಈಗ್ಲೇ ತೆಗ್ದಾಕ್ದೆ."

"ತಾರೀಕ್ ಅಲ್ಲ. ನನ್ನೇ ತೆಗಿ. ನಿನ್ ಟೀವಿಲಿ ನಾನ್ ಇರಾದು ಬ್ಯಾಡ."

ಫೋನು ಇಟ್ಟಳು. ನಾನು ಕುರ್ಚಿಯಲ್ಲೇ ಕೂತೆ. ಅವಳು ಕೇಳಿದ್ದು ಒಂದು ಕ್ಲಿಕ್ಕಿನ ಕೆಲಸ. ಆದರೆ ನನಗೆ ಕೈ ಬರಲಿಲ್ಲ. ನನ್ನ ಅವ್ವನದು ಈ ಪ್ರಪಂಚದಲ್ಲಿ ಇರುವುದು ಅದೊಂದೇ ಫೋಟೋ. ಅಪ್ಪನ ಟ್ರಂಕಿನ ತಳದಲ್ಲಿ, ನೀರುಗಂಟಿಯ ಕೆಲಸದ ಕಾಗದಗಳ ನಡುವೆ ಸಿಕ್ಕಿದ್ದು. ಅವ್ವನ ಮುಖ ನನಗೆ ನೆನಪಿಲ್ಲ, ದನಿ ನೆನಪಿಲ್ಲ. ಇಷ್ಟು ವರ್ಷ ಅದು ಬೀರುವಿನೊಳಗಿತ್ತು, ತೆಗೆದು ನೋಡುತ್ತಿದ್ದದ್ದು ವರ್ಷಕ್ಕೊಮ್ಮೆ. ಈಗ ನಾನು ಪೇಪರು ಓದುತ್ತಿರುವಾಗ, ಉಗುರು ಕತ್ತರಿಸುತ್ತಿರುವಾಗ ಅವ್ವ ತಾನಾಗಿಯೇ ಬಂದು ಎದುರಿಗೆ ನಿಲ್ಲುತ್ತಿದ್ದಳು, ಹತ್ತು ಸೆಕೆಂಡು ಇದ್ದು ಹೋಗುತ್ತಿದ್ದಳು. ಅರವತ್ತು ದಾಟಿದವನಿಗೆ ಇದು ಎಷ್ಟು ದೊಡ್ಡ ಸುಖ ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಚಿಕ್ಕವ್ವನನ್ನು ತೆಗೆಯಬೇಕೆಂದರೆ ಅವ್ವನೂ ಹೋಗಬೇಕು. ಇಟ್ಟುಕೊಳ್ಳಬೇಕೆಂದರೆ ಸಾಕಿದವಳ ಮಾತು ಮೀರಬೇಕು.

ಮಾರನೆಯ ದಿನವೇ ಬಸ್ಸು ಹತ್ತಿದೆ. ಮಳವಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಹೋದಾಗ ಊಟದ ಹೊತ್ತು. ಚಿಕ್ಕವ್ವ "ಬಾ" ಅಂದಳು, ಕೈಗೆ ನೀರು ಕೊಟ್ಟಳು, ತಟ್ಟೆಗೆ ಮುದ್ದೆ ಇಕ್ಕಿ ಉಪ್ಸಾರು ಬಿಟ್ಟಳು. ಎಲ್ಲ ಸರಿಯಾಗಿಯೇ ಇತ್ತು. ಆದರೆ ಮುದ್ದೆ ಮುಗಿಯುತ್ತಾ ಬಂದರೂ "ಇನ್ನೊಂದರ್ದ ಇಕ್ಲಾ?" ಅನ್ನಲಿಲ್ಲ. ಆ ಮನೆಯಲ್ಲಿ ನಾನು ಉಂಡ ಸಾವಿರಾರು ಊಟಗಳಲ್ಲಿ ಆ ಮಾತು ಬಾರದ ಊಟ ಒಂದೂ ಇಲ್ಲ. ಬೇಡ ಬೇಡ ಅಂತ ತಟ್ಟೆಗೆ ಕೈ ಅಡ್ಡ ಹಿಡಿದು, ಬೆರಳ ಸಂದಿಯಿಂದಲೇ ಮುದ್ದೆ ಬೀಳಿಸಿಕೊಂಡು ಬೆಳೆದವನು ನಾನು. ಅವತ್ತು ಕೈ ಅಡ್ಡ ಹಿಡಿಯಲು ಅವಕಾಶವೇ ಬರಲಿಲ್ಲ. ಹೊಟ್ಟೆ ತುಂಬಿದ್ದರೂ ಹಸಿದ ಹಾಗಾಯಿತು.

ಕೈ ತೊಳೆದು ಅವಳ ಹತ್ತಿರ ಕೂತು ಎಲ್ಲ ವಿವರಿಸಿದೆ. ಫೋಟೋದ ಹೊಟ್ಟೆಯಲ್ಲಿ ತಾರೀಖು ಇರುವುದು, ಹಳೆಯದರಲ್ಲಿ ಇಲ್ಲದಿರುವುದು, ಕಂಪ್ಯೂಟರು ಸ್ಕ್ಯಾನಿನ ದಿನ ಹಾಕುವುದು. ಗ್ರಂಥಪಾಲಕರ ಸಮ್ಮೇಳನದಲ್ಲೂ ನಾನು ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಅವಳು ಎಲೆಅಡಿಕೆ ಹಾಕಿಕೊಳ್ಳುತ್ತಾ ಕೇಳಿದಳು.

"ಆಯ್ತು, ತಪ್ಪು ಮಿಸಿನ್ನಿಂದೇ ಅಂತ ಮಡಿಕ್ಕೋ. ನನ್ನ ತೆಗ್ದಾ ಇಲ್ವಾ?"

"ಇಲ್ಲ."

"ಯಾಕ್ಲಾ?"

"ಅದ್ರಲ್ಲಿ ಅವ್ವ ಅವ್ಳೆ ಚಿಕ್ಕವ್ವ. ನೀನೂ ಅವ್ವನೂ ಒಟ್ಗೆ ಇರೋದು. ನಿನ್ನ ತೆಗುದ್ರೆ ಅವ್ವನೂ ಹೋಗ್ತಾಳೆ."

ಅವಳು ಅಗಿಯುವುದು ನಿಲ್ಲಿಸಿದಳು. ಅವಳು ಅಂದುಕೊಂಡಿದ್ದದ್ದು ಯಾವುದೋ ಮದುವೆಯಲ್ಲಿ ತೆಗೆದ ಫೋಟೋ ಅಂತ. "ಸಿದ್ದಕ್ಕನ್ ಪೋಟ ಅದಾ?" ಅಂದಳು. "ಮಳವಳ್ಳಿಲಿ ತೆಗ್ಸಿದ್ದು? ಅದು ಇನ್ನೂ ಅದಾ?" ಅವಳ ಹತ್ತಿರವಿದ್ದದ್ದು ಯಾವತ್ತೋ ಗೆದ್ದಲು ಹಿಡಿದು ಹೋಗಿತ್ತಂತೆ. ಅಪ್ಪನ ಹತ್ತಿರ ಇನ್ನೊಂದು ಇತ್ತು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ನಾನು ಇಷ್ಟು ವರ್ಷ ಅದನ್ನು ಒಂದು ಸಲವೂ ಅವಳಿಗೆ ತೋರಿಸಿರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಆಗಲೇ. ಯಾವ ವರ್ಷ ತೆಗೆದದ್ದು, ಯಾವ ಸ್ಟುಡಿಯೋ ಅಂತ ಬಾಯಲ್ಲಿ ಕೇಳಿದ್ದೆನೇ ಹೊರತು ಕೈಗೆ ಕೊಟ್ಟು ನೋಡು ಅನ್ನಲಿಲ್ಲ. ಅವಳು ಗೆದ್ದಲು ತಿಂದದ್ದನ್ನೇ ಕೇಳುತ್ತಿದ್ದೇನೆ ಅಂದುಕೊಂಡಿದ್ದಳು. ಎಂಥ ದಡ್ಡ ನಾನು!

"ನಡಿ, ನಾನೇ ಬತ್ತೀನಿ. ನೋಡ್ಬುಟ್ಟು ಆಮ್ಯಾಕ್ ಯೋಳ್ತೀನಿ" ಅಂತ ಎದ್ದು ಸೀರೆ ಬದಲಾಯಿಸಲು ಹೋದಳು.

ಸಂಜೆ ಐದು ಗಂಟೆಗೆ ನಮ್ಮ ಮನೆಯ ಸೋಫಾದಲ್ಲಿ ಕಾಲು ಮಡಿಸಿಕೊಂಡು ಕೂತಿದ್ದಳು. ಬೇಕಾದರೆ ಆ ಫೋಟೋವನ್ನೇ ನೇರವಾಗಿ ತೆರೆದು ತೋರಿಸಬಹುದಿತ್ತು. ಅವಳು ಒಪ್ಪಲಿಲ್ಲ. ಕೆಂಪನಿಗೆ ಹೇಗೆ ಕಂಡಿತೋ ಹಾಗೇ ಕಾಣಲಿ ಅಂದಳು. ಫೋಟೋಗಳು ಇಂಥದ್ದೇ ಸರದಿ ಅಂತಿಲ್ಲದೆ ಬರುವುದರಿಂದ ಕಾಯಬೇಕಾಯಿತು. ಕಾ‍ಯುತ್ತಾ ಕಾಯುತ್ತಾ ಬಂದವರನ್ನೆಲ್ಲ ವಿಚಾರಿಸಿಕೊಂಡಳು. ನನ್ನ ಮದುವೆಯ ಫೋಟೋ ನೋಡಿ, "ಇವ್ನ ಮೂತಿ ನೋಡು, ಯಾರೋ ಇಡ್ಕೊಂಡೋಯ್ತಾವ್ರೆ ಅನ್ನಂಗೆ" ಅಂದಳು. ಭಾಗ್ಯ ಬಹಳ ಹೊತ್ತು ನಕ್ಕಳು. ಅವಳು ತಂದಿಟ್ಟ ವಡೆ ಒಂದೊಂದಾಗಿ ಖಾಲಿಯಾಗುತ್ತಿತ್ತು.

ಆಮೇಲೆ ಅದು ಬಂತು.

ಕುರ್ಚಿಯ ಮೇಲೆ ಅವ್ವ, ಮಡಿಲಲ್ಲಿ ಬೋಳಿಸಿದ ತಲೆಯ ನಾನು. ಪಕ್ಕದಲ್ಲಿ ನಿಂತ ಚಿಕ್ಕವ್ವ, ಎರಡು ಜಡೆ, ಕೈ ನನ್ನ ಬೆನ್ನ ಹಿಂದೆ. ಹಿಂದಿನ ಪರದೆಯಲ್ಲಿ ಯಾವ ಊರಿನದೋ ಸರೋವರ. ನಾನು ಅಳುವುದಕ್ಕೆ ಒಂದು ಕ್ಷಣ ಮುಂಚೆ ಹೇಗೋ ಹಾಗೆ ಮುಖ ಕಿವುಚಿದ್ದೇನೆ. ಚಿಕ್ಕವ್ವ ಕ್ಯಾಮೆರಾವನ್ನೇ ನೋಡುತ್ತಿದ್ದಾಳೆ. ಅವ್ವ ಮಾತ್ರ ಕ್ಯಾಮೆರಾ ನೋಡುತ್ತಿಲ್ಲ. ತಂಗಿಯ ಕಡೆ ಅರ್ಧ ತಿರುಗಿದ್ದಾಳೆ, ತುಟಿ ಬಿಚ್ಚಿದೆ. ಅವ್ವ ನಗುತ್ತಿದ್ದಾಳೆ ಅಂತಲೇ ನಾನು ಎಲ್ಲರಿಗೂ ಹೇಳುತ್ತಿದ್ದದ್ದು, ಈಗ ಚಿಕ್ಕವ್ವನಿಗೂ ಹಾಗೇ ಅಂದೆ.

ಹತ್ತು ಸೆಕೆಂಡಿಗೆ ಫೋಟೋ ಹೋಗದ ಹಾಗೆ ನಾನು ನಿಲ್ಲಿಸಿದೆ. ಚಿಕ್ಕವ್ವ ಮುಂದಕ್ಕೆ ಬಾಗಿ ನೋಡುತ್ತಲೇ ಇದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ, ನೀವು ನಂಬುವುದಿಲ್ಲ, ಕಿಸಕ್ಕನೆ ನಕ್ಕಳು.

"ಮುತ್ತತ್ತಿಲಿ ನಿನ್ ಮುಡಿ ಕೊಟ್ಬುಟ್ಟು ಬತ್ತಿದ್ದೋ ಕಣ್ಲಾ. ಮಳವಳ್ಳಿಗ್ ಬರೋ ಒತ್ಗೆ ನೀನ್ ಮಲ್ಗ್‌ಬುಟ್ಟಿದ್ದೆ. ಪೋಟ ತೆಗ್ಯೋನು, ಕಣ್ಮುಚ್ಚಿರೋ ಮಗೀನ್ ಪೋಟ ತೆಗ್ಯಕ್ಕಿಲ್ಲ, ಸತ್ತಿರೋ ಮಗೀನ್ ಪೋಟ ಇದ್ದಂಗಾಯ್ತದೆ, ಎಬ್ಬುರ್ಸಿ ಅಂದ. ಅಕ್ಕ ತಟ್ತಾಳೆ, ಮುದ್ದಾಡ್ತಾಳೆ, ನೀನ್ ಏಳ್ನಿಲ್ಲ. ಅವನು ಕರಿ ಬಟ್ಟೆ ಒಳ್ಗೆ ತಲೆ ತೂರ್ಸಿದ್ನಾ, ನಾನ್ ಇಂದ್ಗಡೆಯಿಂದ ನಿನ್ ಕುಂಡಿ ಚೂಟ್ದೆ."

"ನೀನಾ?"

"ಊಂ ಮತ್ತೆ. ಒತ್ತಾಯ್ತಿತ್ತು, ಬಸ್ಸು ಓಗ್ಬುಡ್ತಿತ್ತು. ಅಕ್ಕ ನಗ್ತಾವ್ಳೆ ಅಂದ್ಯಲ್ಲ? ನಗು ಅಲ್ಲ ಕಣೋ ಅದು. ನನ್ನ ಬಯ್ತಾವ್ಳೆ."

ನಾನು ಪರದೆಯ ಕಡೆ ತಿರುಗಿದೆ. ಹೌದು. ಒಮ್ಮೆ ಹೇಳಿದ ಮೇಲೆ ಅದು ನಗು ಅಲ್ಲವೇ ಅಲ್ಲ. ಹುಬ್ಬು ಗಂಟಿಕ್ಕಿದೆ. ಒಂದು ಕೈ ನನ್ನನ್ನು ಎಳೆದುಕೊಂಡು ಬಿಗಿಯಾಗಿ ಹಿಡಿದಿದೆ. ಚಿಕ್ಕವ್ವನ ಮುಖದಲ್ಲಿದ್ದದ್ದು ಏನೂ ಮಾಡಿಲ್ಲದವಳ ಹಾಗೆ ನಿಂತ ಹುಡುಗಿಯ ಕಳ್ಳತನ.

"ಏನಂತ ಬೈದ್ಳು?" ಅಂತ ಕೇಳಿದೆ.

"ಯಾಕಮ್ಮಿ ನನ್ ಮಗೀನ ಚೂಟ್ದೆ, ನಿನ್ ಕೈ ಸೇದೋಗ, ಅಂದ್ಳು. ಅನ್ನಾದೇ ತಡ, ಅವ್ನು ಪೋಟ ಒಡ್ದೇಬುಟ್ಟ."

ಭಾಗ್ಯ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಕೈ ಸೆಟೆದುಹೋಗಲಿ ಅನ್ನುವುದು ನಮ್ಮ ಕಡೆ ಹೆಂಗಸರ ಬಾಯಲ್ಲಿ ಮಾಮೂಲಿ ಶಾಪ.

"ಇಷ್ಟು ವರ್ಷ ನನಗ್ಯಾಕೆ ಹೇಳ್ಲಿಲ್ಲ ಚಿಕ್ಕವ್ವ?"

"ನೀನ್ ಯಾವತ್ ಕೇಳ್ದೆ? ಕೇಳ್ದಾಗೆಲ್ಲ ಯಾವ್ ವರ್ಸ, ಯಾವ್ ವರ್ಸ ಅಂತಿದ್ದೆ. ವರ್ಸ ನಂಗೆ ಎಲ್ಲಿ ಗೊತ್ತು?"

ನಾನು ಕಂಪ್ಯೂಟರಿನ ಮುಂದೆ ಕೂತೆ. ಇಷ್ಟಾದ ಮೇಲೂ ಅವಳನ್ನು ತೆಗೆಯಬೇಕೋ ಬೇಡವೋ ಅಂತ ಕೇಳಲು ಧೈರ್ಯ ಸಾಲದು. ಅವಳೇ ಪರದೆಯ ಕೆಳಗಿನ ಕಪ್ಪು ಪಟ್ಟಿಯನ್ನು ತೋರಿಸಿ, "ಅಲ್ಲಿ ಏನ್ ಬೇಕಾದ್ರೂ ಬರೀಬೌದಾ?" ಅಂದಳು. ಬರೆಯಬಹುದು ಅಂದೆ. ಪ್ರತಿ ಫೋಟೋಕ್ಕೂ ನಾವೇ ಒಂದು ಮಾತು ಬರೆದಿಡುವ ಜಾಗ ಇದೆ, ಹೆಸರನ್ನೂ ತೆಗೆದು ಅದೊಂದನ್ನೇ ತೋರಿಸು ಅಂತ ಹೇಳಬಹುದು ಅಂದೆ.

"ಅಂಗಾರೆ ಅಕ್ಕ ಬೈದಿದ್ದು ಬರಿ. ಸತ್ತೋರ್ ಪೋಟದ್ ಕೆಳ್ಗೆ ಯಾವನೂ ಬೈಗ್ಳ ಬರ್ಯಕ್ಕಿಲ್ಲ. ಯಾವ್ ಕೆಂಪ ಬಂದು ನೋಡುದ್ರೂ ಆರ ತರಕ್ಕಿಲ್ಲ."

"ನೀನು ಇರ್ತೀಯಾ ಹಾಗಾದ್ರೆ?"

"ನಾನ್ ಇಲ್ದೆ ಅವ್ಳು ಯಾರ್ನ ಬಯ್ಬೇಕು? ಬರಿ."

ಬರೆದೆ. ಅವಳು ಹೇಳಿದ ಹಾಗೆಯೇ, ಒಂದಕ್ಷರ ತಿದ್ದದೆ. ಭಾಗ್ಯ ಮುದ್ದೆಗೆ ಎಸರಿಟ್ಟಳು. ಚಿಕ್ಕವ್ವ ಅವತ್ತು ಉಳಿದಳು. ಅವಳಿಗೆ ಓದು ಬಾರದು. ಊಟಕ್ಕೆ ಕೂತಾಗ ಫೋಟೋ ತಿರುಗಿ ಬಂತು, ಓದು ಅಂದಳು. ನಾನು ತುತ್ತು ಕೈಯಲ್ಲಿ ಹಿಡಿದುಕೊಂಡು ಗಟ್ಟಿಯಾಗಿ ಓದಿದೆ.

"ಯಾಕಮ್ಮಿ ನನ್ ಮಗೀನ ಚೂಟ್ದೆ, ನಿನ್ ಕೈ ಸೇದೋಗ!"

ನನ್ನ ಅವ್ವ ಆಡಿದ ಮಾತು ಅಂತ ನನಗೆ ಗೊತ್ತಿರುವುದು ಇದೊಂದೇ. ಅದೂ ನನ್ನ ಪರವಾಗಿ ಆಡಿದ್ದು.